ಬೇಟೆಗೆ ನಾನು ಮಾಡಿದ ರಾಗಿ ಬಿಯರ್

ಭತ್ತದ ಕೊಯ್ಲು ಮುಗಿದ ಮೇಲೆ ನಮ್ಮೂರಿನ ಗದ್ದೆಗಳಲ್ಲಿ ಇಲಿ ಬೇಟೆ ಇರುತ್ತದೆ. ಮನೆಯ ಇಲಿಯಲ್ಲ, ಭತ್ತ ತಿಂದು ಕೊಬ್ಬಿದ ಗದ್ದೆ ಇಲಿ. ಮುಖ ಸಿಂಡರಿಸುವವರು ಇಲ್ಲಿಗೇ ಓದು ನಿಲ್ಲಿಸಬಹುದು. ನಂಜನಗೂಡಿನಲ್ಲಿ ನಾನು ಕೆಲಸ ಮಾಡುವ ಕಾರ್ಖಾನೆಯ ಲ್ಯಾಬಿನಲ್ಲಿ, ಭಾನುವಾರ ಏನು ವಿಶೇಷ ಎಂದು ಕೇಳಿದ ಜೊತೆಗಾತಿಗೂ ಇಲಿ ಬೇಟೆ ಎಂದೇ ಹೇಳಿದ್ದೆ. ಅವಳು ತನ್ನ ಊಟದ ಡಬ್ಬಿಯನ್ನು ಒಂದು ಗೇಣು ಆಚೆಗೆ ಎಳೆದುಕೊಂಡಳು. ನಾನು ನನ್ನ ಡಬ್ಬಿಯನ್ನು ಇದ್ದಲ್ಲೇ ಇಟ್ಟುಕೊಂಡು ಉಂಡೆ.

ಬೇಟೆಗೆ ಹೋಗುವ ಪ್ರತಿಯೊಬ್ಬರೂ ಏನಾದರೊಂದನ್ನು ತರಬೇಕು. ಒಬ್ಬರು ಹೊಗೆ ಊದುವ ಮಡಕೆ, ಒಬ್ಬರು ಪಕ್ಕದ ಹೆಡತಲೆ ಊರಿನಿಂದ ತಂದು ಸಾಕಿದ ನಾಯಿ, ಒಬ್ಬರು ಉಪ್ಪು ಖಾರ. ತಂದವರಿಗೆ ಕೊನೆಯಲ್ಲಿ ಒಂದು ಗುಡ್ಡೆ ಬಾಡು. ಹೆಂಗಸರು ಹೋಗುವುದಿಲ್ಲ, ಮನೆಯಲ್ಲಿ ಖಾರ ಅರೆದಿಟ್ಟುಕೊಂಡು ಕಾಯುತ್ತಾರೆ. ನಮ್ಮ ಮನೆಯಿಂದ ಅಪ್ಪ ಹೋಗುತ್ತಿದ್ದ, ಕುಡಿಯುವುದನ್ನು ತರುವುದು ಅವನ ಪಾಲು. ಈ ವರ್ಷ ಮಂಡಿ ನೋವು ಬಂದು ಅವನು ಬದುವಿನ ಮೇಲೆ ನಡೆಯಲಾರದವನಾದ. ಹಾಗಾದರೆ ನಾನು ಬರುತ್ತೇನೆ ಎಂದು ಚಿಕ್ಕಪ್ಪನಿಗೆ ಹೇಳಿದೆ. ಬೇಟೆಯ ಯಜಮಾನಿಕೆ ಅವನದು.

ಚಿಕ್ಕಪ್ಪ ನಕ್ಕ. “ನಿಮ್ಮಪ್ಪ ತತ್ತಿದ್ದದ್ದು ಎಣ್ಣೆ ಕಣವ್ವ. ನೀನು ಓಗಿ ಬ್ರಾಂದಿ ಅಂಗ್ಡಿ ಮುಂದೆ ನಿಂತ್ಕತೀಯಾ?”

“ಅಂಗ್ಡಿಗ್ಯಾಕೆ ಓಗ್ಲಿ? ನಾನೇ ಮಾಡ್ತೀನಿ.”

“ಮಾಡು ಮತ್ತೆ. ಕುಡಿಯೋ ಅಂಗಿದ್ರೆ ಬಾ. ಇಲ್ದಿದ್ರೆ ಮನೇಲಿ ಕೂತು ಖಾರ ಅರಿ.”

ಬೇಟೆ ಎರಡು ವಾರದಾಚೆಯ ಭಾನುವಾರಕ್ಕೆ ಗೊತ್ತಾಗಿತ್ತು. ಬಿಎಸ್ಸಿಯಲ್ಲಿ ಯೀಸ್ಟಿನ ಬಗ್ಗೆ ಓದಿದ್ದೆನೇ ಹೊರತು ಬಿಯರ್ ಮಾಡಿದವಳಲ್ಲ. ಬಾರ್ಲಿ ಇರಲಿಲ್ಲ, ರಾಗಿ ಇತ್ತು. ಮೊಳಕೆ ಬಂದ ರಾಗಿಯನ್ನು ಒಣಗಿಸಿ, ತರಿತರಿಯಾಗಿ ಒಡೆದು, ಕೈ ಸುಡುವಷ್ಟು ಬಿಸಿಯ ನೀರಿನಲ್ಲಿ ಇಟ್ಟರೆ ಹಿಟ್ಟು ತಾನಾಗಿ ಸಿಹಿಯಾಗುತ್ತದೆ. ಆ ಸಿಹಿನೀರನ್ನು ಸೋಸಿ, ಕುದಿಸಿ ಆರಿಸಿ ಯೀಸ್ಟ್ ಹಾಕಬೇಕು. ಅವತ್ತೇ ನಾಲ್ಕು ಸೇರು ರಾಗಿ ನೆನೆಹಾಕಿದೆ. ಮೊಳಕೆ ಬಂದು ಒಣಗಿದ ಮೇಲೆ, ನಾನು ಡ್ಯೂಟಿಗೆ ಹೋಗಿದ್ದ ದಿನ ಅವ್ವ ಅದನ್ನು ಮಿಲ್ಲಿಗೆ ಹಾಕಿಸಿಕೊಂಡು ಬಂದಿದ್ದಳು. ದಿನವೂ ಡೈರಿ ಬರೆಯುವವಳು ನಾನು. ಆ ಹಿಟ್ಟನ್ನು ಬಿಸಿನೀರಿಗೆ ಹಾಕಿದ ಶನಿವಾರ ಬರೆದಿರುವುದು ಇಷ್ಟೇ: “ಅರವತ್ತೈದು ಡಿಗ್ರಿ. ಒಂದು ಗಂಟೆ, ಸಿಹಿ ಇಲ್ಲ. ಎರಡು ಗಂಟೆ, ಸಿಹಿ ಇಲ್ಲ.”

ಪಾತ್ರೆಗೆ ಮೂಗು ಹಿಡಿದಾಗ ಗೊತ್ತಾಯಿತು. ಘಮ್ಮೆನ್ನುತ್ತಿತ್ತು. ಹುರಿದೆಯಾ ಎಂದು ಅವ್ವನನ್ನು ಕೇಳಿದೆ.

“ಉರೀದೆ ಬೀಸುದ್ರೆ ಅಸಿ ವಾಸ್ನೆ ಬತ್ತದೆ ಕಣವ್ವ,” ಎಂದಳು.

ಬೀದಿಯ ಅರ್ಧ ಮಕ್ಕಳಿಗೆ ರಾಗಿ ಮಾಲ್ಟ್ ಮಾಡಿಕೊಟ್ಟ ಕೈ ಅದು. ಮೊಳಕೆ ರಾಗಿ ಕಂಡರೆ ಬಾಣಲೆ ತಾನಾಗಿ ಒಲೆಯ ಮೇಲೆ ಕೂರುತ್ತದೆ. ಹಿಟ್ಟನ್ನು ಸಿಹಿ ಮಾಡುವ ಮೊಳಕೆಯ ಸತ್ವ ಆ ಕಾವಿಗೆ ಸತ್ತುಹೋಗಿತ್ತು. ಮಜ್ಜಿಗೆ, ಉಪ್ಪು ಹಾಕಿಕೊಂಡು ಮನೆಯವರೆಲ್ಲ ಅದನ್ನು ಅಂಬಲಿಯಂತೆ ಕುಡಿದೆವು. ಚಿಕ್ಕಪ್ಪ ಬಂದವನು ತಾನೂ ಒಂದು ಲೋಟ ಕುಡಿದು, “ಚೆನ್ನಾಗದೆ. ಬೇಟೆಗೆ ಇದ್ನೇ ತಾ, ನಾಯಿಗಾಯ್ತದೆ,” ಎಂದು ಹೋದ.

ಉಳಿದಿದ್ದು ಒಂದು ವಾರ. ಸಂಜೆಯೇ ಮತ್ತೆ ರಾಗಿ ನೆನೆಹಾಕಿದೆ. ಅಷ್ಟು ಬೇಗ ಆಗುವುದಿಲ್ಲ, ಒಂದು ಅಚ್ಚು ಬೆಲ್ಲ ಹಾಕಿದರೆ ತಾನೇ ಉಕ್ಕುತ್ತದೆ ಎಂದು ಅಪ್ಪ ಮಂಚದ ಮೇಲಿಂದಲೇ ಉಪಾಯ ಹೇಳಿದ. ನಾನು ಒಪ್ಪಲಿಲ್ಲ. ನಾನು ಮಾಡಹೊರಟಿದ್ದು ಬಿಯರ್, ಬೆಲ್ಲದ ಹುಳಿನೀರಲ್ಲ. ಭಾನುವಾರ ಒದ್ದೆ ಬಟ್ಟೆಯಲ್ಲಿ ಕಟ್ಟಿದ ರಾಗಿ ಮಂಗಳವಾರ ಬೆಳಿಗ್ಗೆಗೆ ಬಿಳಿ ಬೇರು ಬಿಟ್ಟಿತ್ತು. ರಜೆ ಹಾಕಿ ತಾರಸಿಯ ಮೇಲೆ ತೆಳ್ಳಗೆ ಹರವಿದೆ. ಅವ್ವ ಬಾಣಲೆಯನ್ನು ಅಟ್ಟಕ್ಕೆ ಹಾಕಿ, ಗುಬ್ಬಿ ಓಡಿಸಲು ಕೋಲು ಹಿಡಿದು ಪಕ್ಕದಲ್ಲಿ ಕೂತಳು. ಸಂಜೆ ತರಿತರಿಯಾಗಿ ಒಡೆದು ಬಿಸಿನೀರಿಗೆ ಹಾಕಿ, ಒಂದು ಗಂಟೆ ಬಿಟ್ಟು ಒಂದು ಚಮಚ ನೆಕ್ಕಿದೆ. ಸಿಹಿಯಾಗಿತ್ತು. ಅವ್ವನ ಬಾಯಿಗೂ ಒಂದು ಚಮಚ ಹಾಕಿದೆ. ರಾತ್ರಿಯೇ ಸೋಸಿ, ಕುದಿಸಿ ಆರಿಸಿ ಯೀಸ್ಟ್ ಹಾಕಿದೆ. ಬುಧವಾರ ಬೆಳಿಗ್ಗೆ ನೊರೆ ಮುಚ್ಚಳವನ್ನು ಎತ್ತುತ್ತಿತ್ತು.

ಬೇಟೆಯ ದಿನ ಆರು ಬಾಟಲಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ಗದ್ದೆಗೆ ಹೋದೆ. ಜೊತೆಗೆ ಅಪ್ಪನ ಗುದ್ದಲಿ. ನಾನು ಬಾಟಲಿ ಕೊಟ್ಟು ಮನೆಗೆ ಹೋಗುತ್ತೇನೆ ಎಂದುಕೊಂಡಿದ್ದರೋ ಏನೋ, ಗುದ್ದಲಿ ಕಂಡು ಇಬ್ಬರು ಮುಖ ಮುಖ ನೋಡಿಕೊಂಡರು. ಮಡಕೆಯೊಳಗೆ ಹುಲ್ಲು ಹೊತ್ತಿಸಿ, ಅದರ ಬಾಯನ್ನು ಬಿಲಕ್ಕೆ ಒತ್ತಿ, ತಳದ ತೂತಿನಿಂದ ಊದುತ್ತಾರೆ. ಬೇರೆ ತೂತುಗಳಿಂದ ಹೊಗೆ ಬಂದಲ್ಲೆಲ್ಲ ಮಣ್ಣು ಮುಚ್ಚಿ, ಆಮೇಲೆ ಅಗೆಯಬೇಕು. ಬದು ನನಗೆ ಹೊಸದಲ್ಲ. ಅಗೆದೆ, ಹಿಡಿದೆ, ಒಂದು ಸಲ ಕಚ್ಚಿಸಿಕೊಳ್ಳುವುದರಿಂದ ಸ್ವಲ್ಪದರಲ್ಲಿ ತಪ್ಪಿಸಿಕೊಂಡೆ.

ಬಿಸಿಲೇರಿದಾಗ ಹೊಂಗೆ ಮರದ ಕೆಳಗೆ ಬಾಟಲಿ ಬಿಚ್ಚಿದೆ. ಮಣ್ಣಿನ ಬಣ್ಣ, ಕದಡಿದ ನೀರಿನಂತೆ. ಹುಳಿ ತುಸು ಮುಂದು. ಇನ್ನೊಂದು ವಾರ ಸಿಕ್ಕಿದ್ದರೆ ತಿಳಿಯಾಗುತ್ತಿತ್ತು. ಚಿಕ್ಕಪ್ಪ ಒಂದು ಲೋಟ ಕುಡಿದ. ಎರಡನೆಯದನ್ನು ತಾನೇ ಬಗ್ಗಿಸಿಕೊಂಡು, “ತಣ್ಣಗಿಲ್ಲ,” ಎಂದ.

“ಮುಂದ್ಲ ಸಾರಿ ಫ್ರಿಜ್ಜು ಒತ್ಕಂಬಾ ಚಿಕ್ಕಪ್ಪ.”

ಎಲ್ಲರಿಗಿಂತ ಜೋರಾಗಿ ನಕ್ಕವನು ಮಡಕೆ ತಂದವನು.

ಇಲಿಗಳ ಕೂದಲು ಸುಟ್ಟು, ತೊಳೆದು, ಕೊಯ್ದು, ಬಾಡನ್ನು ಬಾಳೆ ಎಲೆಯ ಮೇಲೆ ಸಮ ಗುಡ್ಡೆ ಹಾಕಿದರು. ಯಾವುದು ಯಾರದೆಂದು ತಕರಾರು ಬರಬಾರದೆಂದು ಒಬ್ಬೊಬ್ಬರೂ ಒಂದು ಗುರುತು ಕೊಡಬೇಕು: ಕಲ್ಲು, ಬೀಡಿ ತುಂಡು, ಹೊಂಗೆ ಎಲೆ. ಆಗ ಬೆನ್ನು ತಿರುಗಿಸಿ ನಿಂತಿದ್ದ ಒಬ್ಬರು ಬಂದು, ಯಾವುದು ಯಾರದೆಂದು ತಿಳಿಯದೆ ಅವನ್ನು ಗುಡ್ಡೆಗೊಂದರಂತೆ ಇಡುತ್ತಾರೆ. ಚಿಕ್ಕಪ್ಪ ಟವೆಲ್ಲು ಚಾಚಿ, “ಅಣ್ಣನ ಎಸ್ರಿಗೆ ಒಂದು ಕಲ್ಲಾಕವ್ವ,” ಎಂದ.

ನಾನು ಜಡೆಯಿಂದ ಹೇರ್‌ಪಿನ್ ತೆಗೆದು ಹಾಕಿದೆ.

“ಅಪ್ಪ ಬಂದಿಲ್ವಲ್ಲ. ಇದು ನನ್ ಗುಡ್ಡೆ. ಅಪ್ಪಂಗೆ ನಾನು ಬಡಿಸ್ತೀನಿ.”

ಚಿಕ್ಕಪ್ಪ ಪಿನ್ನನ್ನು ನೋಡಿದ. ಅದನ್ನು ಎತ್ತಿ ಆಚೆ ಹಾಕುತ್ತಾನೇನೋ ಎಂದು ಕಾದೆ. ಹಾಕಲಿಲ್ಲ, ಟವೆಲ್ಲನ್ನು ಪಕ್ಕದವನತ್ತ ಚಾಚಿದ. ಕೊನೆಗೆ ಪಿನ್ನು ನಾಯಿ ಮಲಗಿದ್ದ ಕಡೆಯ ಗುಡ್ಡೆಯ ಮೇಲೆ ಬಿತ್ತು. ಎಲೆ ಮಡಚಿ ಕಟ್ಟಿಕೊಂಡೆ. ಏಳುವಾಗ ಚಿಕ್ಕಪ್ಪ, ಎಲ್ಲರ ಗುದ್ದಲಿಯನ್ನೂ ಕಾಲುವೆಯಲ್ಲಿ ಅದ್ದಿ ತೊಳೆದುಬಿಡು ಎಂದ.

ನನ್ನದೊಂದನ್ನು ತೊಳೆದುಕೊಂಡು ಮನೆಗೆ ಹೊರಟೆ.