ನವಸಾರಿಯ ದೇಸಾಯಿ

ರಂಗಣ್ಣನವರೇ, ಅಂದು ಆ ಸಾಹೇಬರ ಮುಂದೆ ನಾನು ಹೇಳಿದ ಸುಳ್ಳು ನಿಮಗೆ ಗೊತ್ತು. ಆಮೇಲೆ ಮಾಡಿದ್ದು ಗೊತ್ತಿಲ್ಲ. ಎರಡನ್ನೂ ಒಪ್ಪಿಕೊಳ್ಳಲು ಕೂತಿದ್ದೇನೆ — ಮೂವತ್ತು ವರ್ಷ ತಡವಾಗಿ.

ಸೂರತ್ತಿನ ಹತ್ತಿರ ಉಧ್ನಾದಲ್ಲಿ, ಮಗ್ಗ ತಯಾರಿಸುವ ಆ ಕಾರ್ಖಾನೆಗೆ ನನ್ನನ್ನು ಸೇರಿಸಿದವರೇ ನೀವು. ನೀವು ಹಾಸನದ ಕಡೆಯವರು, ನಾನು ಧಾರವಾಡದವನು. ಕೋಣೆ ಸಿಗುವವರೆಗೆ ನಾಲ್ಕು ತಿಂಗಳು ನಿಮ್ಮ ಮನೆಯಲ್ಲೇ ಉಂಡೆ. ಕಮಲಮ್ಮನವರ ಮುದ್ದೆಯನ್ನು ಆಡಿಕೊಳ್ಳುತ್ತಲೇ ಎರಡನೆಯದಕ್ಕೆ ತಟ್ಟೆ ಒಡ್ಡುತ್ತಿದ್ದೆ.

ಆರ್ಡರುಗಳು ಕೈತುಂಬ ಇದ್ದಾಗ ನಾವು ಎಲ್ಲಿಯವರೆಂದು ಯಾರೂ ಕೇಳಲಿಲ್ಲ. ನವರಾತ್ರಿಯ ಗರ್ಬಾ ಕುಣಿತಕ್ಕೆ ಮನೆಗೇ ಬಂದು ಕರೆದರು. ಅರವತ್ತರ ದಶಕದ ಕೊನೆಗೆ ಮಗ್ಗ ಕೊಳ್ಳುವವರೇ ಇಲ್ಲವಾಯಿತು ನೋಡಿ, ಅದೇ ಜನ ಚಹಾದಂಗಡಿಯಲ್ಲಿ ನಮ್ಮನ್ನು ಕಂಡರೆ ಮಾತು ನಿಲ್ಲಿಸತೊಡಗಿದರು. ಹೊರಗಿನವರು ತುಂಬಿಕೊಂಡದ್ದರಿಂದಲೇ ಹೀಗಾಯಿತು ಎಂಬ ಮಾತು ಹಬ್ಬಿತು. ಅವರನ್ನೇ ದೂರುವುದು ಸುಲಭ. ಆದರೆ ನೀವಿಲ್ಲದ ಒಂದು ದಿನ, ನಾನೂ ಅವರ ನಡುವೆ ನಿಂತು — ಹೌದು, ಹೊರಗಿನವರು ಜಾಸ್ತಿಯಾದರು ಎಂದು ತಲೆಯಾಡಿಸಿದ್ದೆ.

ಸ್ಟೋರ್ಸಿನಲ್ಲಿ ನಾವಿಬ್ಬರು. ಒಬ್ಬನೇ ಸಾಕು ಎಂದು ತೀರ್ಮಾನಿಸಲು ಅಹಮದಾಬಾದಿನಿಂದ ಹೊಸ ಅಧಿಕಾರಿ ಬಂದರು. ಕೊನೆಗೆ ಸೇರಿದವನು ಮೊದಲು ಹೋಗಬೇಕೆಂಬುದು ಪದ್ಧತಿ. ಕೊನೆಗೆ ಸೇರಿದವನು ನಾನು. ಆದರೆ ಆ ಅಧಿಕಾರಿಗೆ ಬೇರೆಯದೇ ಲೆಕ್ಕವಿತ್ತು — ಯಾರು ಸ್ಥಳೀಯ, ಯಾರು ಹೊರಗಿನವನು ಎಂದು. ನಿಮ್ಮ ಕಾಗದದಲ್ಲಿ ಮೈಸೂರು ರಾಜ್ಯವೆಂದಿತ್ತು. ನನ್ನ ಹಳೆಯ ಶಾಲಾ ಸರ್ಟಿಫಿಕೇಟಿನಲ್ಲಿ ಬರೀ ಮುಂಬಯಿ ರಾಜ್ಯ — ಆಗ ಧಾರವಾಡವೂ ಅದರಲ್ಲಿತ್ತು, ಸೂರತ್ತೂ ಅದರಲ್ಲಿತ್ತು. ದೇಸಾಯಿ ಎಂಬ ಅಡ್ಡಹೆಸರು ಅಲ್ಲಿಯ ಬೀದಿಬೀದಿಯಲ್ಲೂ ಇದೆ. ಮುಂಬಯಿಯ ಅಂಗಡಿಯೊಂದರಲ್ಲಿ ದುಡಿದು ಕಲಿತ ಗುಜರಾತಿ ನಾಲಿಗೆಯ ಮೇಲಿತ್ತು.

ಇಬ್ಬರನ್ನೂ ಒಟ್ಟಿಗೆ ಕರೆಸಿ ಅವರು ನಗುತ್ತಲೇ ಕೇಳಿದರು, ದೇಸಾಯಿಭಾಯಿ ಯಾವ ಕಡೆಯವರೆಂದು. ಇಲ್ಲೇ ಪಕ್ಕದ ನವಸಾರಿ ಕಡೆ ಎಂದೆ. ಯೋಚಿಸಲೂ ಇಲ್ಲ.

ನೀವು ನನ್ನತ್ತ ತಿರುಗಿ ಮೆಲ್ಲಗೆ, ಕನ್ನಡದಲ್ಲಿ, "ಏನಪ್ಪಾ ದೇಸಾಯಿ ಇದು? ನಿಜ ಹೇಳೋ" ಅಂದಿರಿ. ಏನು ಹೇಳುತ್ತಿದ್ದಾನೆ ಇವನು ಎಂದು ಅಧಿಕಾರಿ ನನ್ನನ್ನು ಕೇಳಿದರು.

"ಮನೇ ಎನೀ ಭಾಷಾ ಆವಡ್ತೀ ನಥೀ" ಅಂದೆ. ನನಗೆ ಇವನ ಭಾಷೆ ಬರುವುದಿಲ್ಲ.

ನಿಮಗೆ ಹಿಂದಿ ಬರುತ್ತಿತ್ತು. ಒಂದೇ ಮಾತು ಸಾಕಿತ್ತು, ನನ್ನ ಬಣ್ಣ ಬಯಲಾಗುತ್ತಿತ್ತು. ನೀವು ಆಡಲಿಲ್ಲ. ನನ್ನ ಮುಖವನ್ನೊಮ್ಮೆ ನೋಡಿದಿರಿ, ಮೇಜಿನ ಮೇಲಿದ್ದ ನಿಮ್ಮ ಕಾಗದಗಳನ್ನು ತೆಗೆದುಕೊಂಡು ಹೊರಟಿರಿ. ಯಾಕೆ ಸುಮ್ಮನಾದಿರಿ? ನನ್ನ ಮೇಲಿನ ಕರುಣೆಯೋ, ಹೇಸಿಗೆಯೋ —

ಕೆಲಸ ನನಗುಳಿಯಿತು, ನೀವು ಊರಿಗೆ ಮರಳಿದಿರಿ. ಇಷ್ಟು ನಿಮಗೆ ಗೊತ್ತಿರುವುದು. ಗೊತ್ತಿಲ್ಲದ್ದು ಇದು.

ಎರಡು ವರ್ಷಕ್ಕೆ ಆರ್ಡರುಗಳು ಮರಳಿ ಬಂದವು. ಹೊರಗಿನವರೆಂಬ ಮಾತೂ ತಾನಾಗಿಯೇ ತಣ್ಣಗಾಯಿತು. ಅದೇ ಅಧಿಕಾರಿ ಸ್ಟೋರ್ಸಿಗೆ ಬಂದು, ಆ ಮೈಸೂರಿನವನು ಒಳ್ಳೆಯ ಕೆಲಸಗಾರ, ಮತ್ತೆ ಕರೆಸೋಣ, ಊರಿನ ವಿಳಾಸ ಯಾರಿಗಾದರೂ ಗೊತ್ತೇ ಎಂದು ವಿಚಾರಿಸಿದರು. ಆ ಹೊತ್ತಿಗೆ ನೀವು ಬರೆದ ಕಾರ್ಡು ನನ್ನ ಅಂಗಿಯ ಜೇಬಿನಲ್ಲೇ ಇತ್ತು, ವಾರದಿಂದ. ಅಲ್ಲಿ ಏನಾದರೂ ಕೆಲಸವಿದ್ದರೆ ತಿಳಿಸು, ಹಳೆಯದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ, ಕಮಲ ನಿನ್ನನ್ನು ಬಹಳ ಕೇಳುತ್ತಿರುತ್ತಾಳೆ ಎಂದು ಬರೆದಿದ್ದಿರಿ.

ಗೊತ್ತಿಲ್ಲ ಎಂದೆ.

ಈ ಸಲ ನನ್ನ ಕೆಲಸಕ್ಕೆ ಯಾವ ಕುತ್ತೂ ಇರಲಿಲ್ಲ. ನಿಜ ಬಯಲಾದೀತೆಂಬ ಹೆದರಿಕೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಅದೂ ಅಲ್ಲ. ನೀವು ಬಂದು, ಏನೂ ನಡೆದೇ ಇಲ್ಲವೆಂಬಂತೆ ಕನ್ನಡದಲ್ಲಿ ಊಟ ಆಯ್ತಾ ಎಂದು ಕೇಳಿಬಿಟ್ಟರೆ — ಅದನ್ನು ನನ್ನಿಂದ ತಾಳಲಾಗುತ್ತಿರಲಿಲ್ಲ. ಅಷ್ಟಕ್ಕೇ ನಿಮ್ಮ ಅನ್ನವನ್ನು ಎರಡನೆಯ ಸಲ ಕಿತ್ತುಕೊಂಡೆ.

ಕ್ಷಮಿಸಿ ಎಂದು ಕೇಳುವ ಮುಖವಿಲ್ಲ, ಕೇಳುವುದೂ ಇಲ್ಲ. ನೀವು ಕಮಲಮ್ಮನವರಿಗೆ ಏನನ್ನೂ ಹೇಳಿಲ್ಲವೆಂದು ಆ ಕಾರ್ಡಿನಿಂದಲೇ ತಿಳಿದಿತ್ತು. ದಯವಿಟ್ಟು ಈ ಕಾಗದವನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಿ. ನನ್ನನ್ನು ಇನ್ನೂ ಒಳ್ಳೆಯವನೆಂದೇ ಅವರು ನಂಬಿದ್ದರೆ, ಅದು ಇವತ್ತಿಗೆ ಮುಗಿಯಲಿ.