ಪ್ರೂಯಿಟ್ ದಿಬ್ಬದ ಖಾಲಿ ಜಾಗ

ಹೋಬರ್ಟ್ ಪ್ರೂಯಿಟ್‌ನನ್ನು ಓಲೆಟಾ ಮೊದಲು ನೋಡಿದ್ದು ಗಂಡನ ಶವದ ಹಿಂದೆ ಓಝಾರ್ಕ್ ಗುಡ್ಡ ಹತ್ತಿ ಬಂದ ದಿನ. ಡ್ಯೂಯಿ ಬದುಕಿದ್ದಷ್ಟು ಕಾಲ ಕಾನ್ಸಸ್‌ನ ಹಿಟ್ಟಿನ ಗಿರಣಿಯಲ್ಲಿ ದುಡಿದವನು. ಸತ್ತ ಮೇಲೆ ಮಾತ್ರ ತನ್ನವರ ನಡುವೆ ಮಲಗಬೇಕೆಂದು ಹೇಳಿಟ್ಟಿದ್ದ. ತನ್ನವರೆಂದರೆ ದಿಬ್ಬದ ಮೇಲೆ ಮುಳ್ಳುತಂತಿ ಬೇಲಿಯೊಳಗಿದ್ದ ಸಮಾಧಿಗಳು. ಅವುಗಳ ಯಜಮಾನಿಕೆ ಅವನ ದೊಡ್ಡಪ್ಪನ ಮಗ ಹೋಬರ್ಟ್‌ನದು.

ಹೋಬರ್ಟ್ ಹ್ಯಾಟು ತೆಗೆದು ಸಮಾಧಾನದ ಮಾತಾಡಿದ. ಆಮೇಲೆ ಡ್ಯೂಯಿಗೆ ಖಾಲಿ ಜಾಗ ಹುಡುಕಲೆಂದು, ಕೋಟು ತೂಗುಹಾಕುವ ತಂತಿಯನ್ನು ಬಗ್ಗಿಸಿ ಮಾಡಿದ ಎರಡು ಕಡ್ಡಿಗಳನ್ನು ಕೈಗೊಂದರಂತೆ ಸಡಿಲವಾಗಿ ಹಿಡಿದು ಹುಲ್ಲಿನ ಮೇಲೆ ಮೆಲ್ಲಗೆ ನಡೆದ. ಕೆಳಗೆ ಸತ್ತವರಿದ್ದರೆ ತಂತಿಗಳು ಒಂದರ ಮೇಲೊಂದು ಅಡ್ಡ ಬೀಳುತ್ತವೆ. ಆ ಗುಡ್ಡದವರಿಗೆ ಇದರಲ್ಲಿ ಸಂಶಯವಿಲ್ಲ. ಅವನು ಹೋದಲ್ಲೆಲ್ಲ ಅಡ್ಡ ಬಿದ್ದವು.

"ಇಲ್ಲೊಬ್ಬ ಇದಾನೆ ತಂಗೀ. ಇಲ್ಲೂ ಯಾರೋ ಇದಾರೆ, ಮಗು ಇರ್ಬೇಕು. ಮಲಗಿದೋರನ್ನ ಎಬ್ಬಿಸೋಕಾಗುತ್ತಾ, ನೀನೇ ಹೇಳು."

ಡ್ಯೂಯಿ ಪಟ್ಟಣದ ಸ್ಮಶಾನದಲ್ಲಿ, ಪೆಟ್ರೋಲ್ ಬಂಕಿನ ಹಿಂದೆ, ಗುರುತು ಪರಿಚಯವಿಲ್ಲದವರ ನಡುವೆ ಮಲಗಿದ. ಅವನನ್ನು ಬಿಟ್ಟು ಹೋಗಲಾರದೆ ಓಲೆಟಾ ಅಲ್ಲೇ ಬಾಡಿಗೆಗೆ ಉಳಿದಳು. ಪ್ರತಿ ಮೇ ತಿಂಗಳು ಸಮಾಧಿಗಳಿಗೆ ಹೂವಿಟ್ಟು, ಓಕ್ ಮರದಡಿ ಎಲ್ಲರೂ ಕೂತು ಉಣ್ಣುವ ದಿನ ಅವಳೂ ಸೇಬಿನ ಕಡುಬು ಮಾಡಿಕೊಂಡು ದಿಬ್ಬ ಹತ್ತುತ್ತಿದ್ದಳು. ಅವಳ ಗಂಡನಿಗೆ ಇರದ ಜಾಗ ಅವಳ ಕಡುಬಿಗೆ ಇತ್ತು.

ಊಟವಾದ ಮೇಲೆ ಹೋಬರ್ಟ್ ಕಥೆ ಹೇಳುತ್ತಿದ್ದ. ಮೊದಲ ಪ್ರೂಯಿಟ್ ಟೆನೆಸಿಯಿಂದ ಎತ್ತಿನ ಗಾಡಿಯಲ್ಲಿ ಬಂದ. ಮನೆಗೆ ಮರ ಕಡಿಯುವ ಮುಂಚೆಯೇ ಮಗಳು ಜ್ವರದಿಂದ ಸತ್ತು, ಅವಳಿಗೆ ಕುಣಿ ತೋಡಬೇಕಾಯಿತು. ನಂತರದವರಲ್ಲಿ ಹೆಸರು ಕೆತ್ತಿದ ಕಲ್ಲು ಸಿಕ್ಕಿದ್ದು ಕೆಲವರಿಗೆ. ಉಳಿದವರ ಗುರುತಿನ ಕಲ್ಲುಗಳನ್ನು ದನಗಳು ಉರುಳಿಸಿದ್ದವು. ಹಾಗೆ ಕಳೆದುಹೋದವರನ್ನು ಹೋಬರ್ಟ್ ತಂತಿಯಲ್ಲಿ ಹುಡುಕಿ, ಸಿಕ್ಕಲ್ಲೆಲ್ಲ ಹೊಲದ ಕಲ್ಲೊಂದನ್ನು ನೆಡುತ್ತಿದ್ದ. ವರ್ಷವರ್ಷಕ್ಕೂ ಹಳೇ ಸತ್ತವರು ಹೆಚ್ಚುತ್ತಲೇ ಇದ್ದರು. ಬದುಕಿದ್ದಾಗ ಇಷ್ಟು ಜನಕ್ಕೆ ಆ ಕಣಿವೆಯಲ್ಲಿ ಅನ್ನ ಹುಟ್ಟುತ್ತಿದ್ದದ್ದು ಹೇಗೆ ಎಂದು ಓಲೆಟಾಗೆ ಅನಿಸುತ್ತಿತ್ತು.

ಕೊನೆಗೆ ಬೇಲಿಯೊಳಗೆ ಒಂದೇ ಜಾಗ ಉಳಿಯಿತು: ಹೋಬರ್ಟ್‌ನ ತೀರಿಕೊಂಡ ಹೆಂಡತಿ ನೀವಾಳ ಸಮಾಧಿಯ ಎಡಮಗ್ಗುಲು. ಅದು ತನ್ನದೆಂದು ಅವನು ಅಲ್ಲಿ ತಂತಿ ಹಿಡಿದೇ ಇರಲಿಲ್ಲ.

ಒಂದು ಮೇ ತಿಂಗಳು ಹೋಬರ್ಟ್‌ನ ಸ್ವಂತ ತಂಗಿಯ ಮಗಳು "ನಂಗೂ ಕಲ್ಸು ಮಾವಾ" ಅಂದಳು. ನಡೆದು ತೋರಿಸುವ ಉಮೇದಿನಲ್ಲಿ ಅವನು ನೀವಾಳ ಮಗ್ಗುಲಿಗೇ ಬಂದುಬಿಟ್ಟ. ತಂತಿಗಳು ಅಡ್ಡ ಬಿದ್ದವು. ಸತ್ತ ತಾಯಿಗೆ ಇಲ್ಲಿ ಜಾಗ ಕೇಳಿ ಇಲ್ಲವೆನಿಸಿಕೊಂಡಿದ್ದ ನೆಂಟ ಕ್ಲೋವಿಸ್ ಕೋಳಿಕಾಲು ಕೆಳಗಿಟ್ಟ.

"ಏನಯ್ಯಾ ಹೋಬರ್ಟ್, ನಿನ್ ಹೆಂಡ್ತಿ ಪಕ್ಕ ಮಲಗಿರೋ ಮಹರಾಯ ಯಾರು? ಎಬ್ಬಿಸ್ಬೇಡಪ್ಪಾ ಮತ್ತೆ, ಪಾಪ!"

ಹೆಂಗಸರೂ ನಗು ಮುಚ್ಚಲು ಬಾಯಿಗೆ ಕೈ ಅಡ್ಡ ಹಿಡಿದರು. ಕೈ ಜಾರಿತು ಎಂದು ಹೋಬರ್ಟ್ ಹೇಳಬಹುದಿತ್ತು. ಹಾಗೆ ಹೇಳಿದ್ದರೆ ಅವನು ಅಷ್ಟು ವರ್ಷ ನೆಟ್ಟ ಕಲ್ಲುಗಳನ್ನೆಲ್ಲ ಕೀಳಬೇಕಾಗುತ್ತಿತ್ತು. ಹೋಬರ್ಟ್ ಬೇಲಿಯಾಚೆಯಿಂದ ಕಲ್ಲು ತಂದು ತನ್ನ ಜಾಗದಲ್ಲಿ ತಾನೇ ನೆಟ್ಟ.

ಆ ಚಳಿಗಾಲ ಅವನ ಎದೆಯಲ್ಲಿ ನೀರು ತುಂಬಿತು. ಓಲೆಟಾ ಸಾರು ತೆಗೆದುಕೊಂಡು ಹೋದಾಗ ಅವನು ಬಟ್ಟಲನ್ನು ಮುಟ್ಟಲಿಲ್ಲ.

"ತಂಗೀ, ನೀವಾ ಪಕ್ಕ ನೀನು ತಂತಿ ಹಿಡಿದು ನಡೀಬೇಕು, ಎಲ್ಲರೆದುರಿಗೆ. ನೀನು ಖಾಲಿ ಅಂದ್ರೆ ಜನ ನಂಬ್ತಾರೆ. ನಂಗೆ ಒಳ್ಳೇದು ಮಾಡೋ ದರ್ದು ನಿಂಗಿಲ್ಲ ಅಂತ ಊರಿಗೇ ಗೊತ್ತು."

"ಅಡ್ಡ ಬಿದ್ರೆ?"

"ಬೀಳಲ್ಲ. ಮೊಣಕೈನ ಪಕ್ಕೆಗೆ ಒತ್ತಿಕೋ, ತಂತಿ ತುದಿ ಸ್ವಲ್ಪ ಕೆಳಗೆ ಮಾಡು. ಕೆಳಗೆ ಯಾರೇ ಇರ್ಲಿ, ಬೀಳಲ್ಲ."

ಓಲೆಟಾ ಬಟ್ಟಲನ್ನು ನೆಲಕ್ಕಿಟ್ಟಳು.

"ಡ್ಯೂಯಿನ ತಂದ ದಿನವೂ ನಿಂಗಿದು ಗೊತ್ತಿತ್ತಾ ಅಣ್ಣಾ?"

ಹೋಬರ್ಟ್ ಗೋಡೆ ಕಡೆ ಹೊರಳಿದ. ಗೋಡೆಗೇ ಕೇಳುವವನಂತೆ ಕೇಳಿದ:

"ನಾಳೆ ನಡೀತೀಯಾ?"