ತೆಂಗಿನಕಾಯಿ ಸೂರ್ಯ, ಕಡಲೆಕಾಳು ಶನಿ

ಖಗೋಳ ಪಾಠಕ್ಕೆ ಸಾಮಗ್ರಿ ಹುಡುಕುವುದು ಸೀರೆ ಅಂಗಡಿಗೆ ಹೋದ ಹಾಗೆ. ತೆಗೆಸಿದ್ದೆಲ್ಲ ಚಂದ, ಮನೆಗೆ ತರುವುದು ಮಾತ್ರ ಒಂದೂ ಇಲ್ಲ. ಏಳನೇ ತರಗತಿಗೆ ಸೌರಮಂಡಲ ಕಲಿಸಬೇಕೆಂದು ನಾನು ಇಳಿಸಿಕೊಂಡ ವಿಡಿಯೋಗಳ ಭಾರಕ್ಕೆ ನನ್ನ ಫೋನು ಉಸಿರುಗಟ್ಟಿ ಸುಮ್ಮನಾಯಿತು. ಶಾಲೆಯ ಪ್ರೊಜೆಕ್ಟರು ಅದಕ್ಕೂ ಮೊದಲೇ ಸುಮ್ಮನಾಗಿತ್ತು. ಪಠ್ಯಪುಸ್ತಕದ ಚಿತ್ರದಲ್ಲಿ ಗ್ರಹಗಳೆಲ್ಲ ಬನಶಂಕರಿ ಬಸ್ಸಿನೊಳಗಿನ ಜನರ ಹಾಗೆ ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು.

ಕೊನೆಗೆ ನೆರವಾಗಿದ್ದು ಅಡುಗೆಮನೆ. ಸೂರ್ಯನನ್ನು ತೆಂಗಿನಕಾಯಿಯಷ್ಟಕ್ಕೆ ಇಳಿಸಿದರೆ ಭೂಮಿ ಒಂದು ಸಾಸಿವೆ ಕಾಳು, ಅದರ ಜಾಗ ಹದಿನೈದು ಮೀಟರ್ ಆಚೆ. ಗುರುಗ್ರಹ ಒಂದು ಗೋಲಿ, ಶನಿ ನೆನೆಸಿದ ಕಾಬೂಲ್ ಕಡಲೆ. ಲೆಕ್ಕವೇನೋ ಸುಲಭ, ಕಷ್ಟವಿದ್ದದ್ದು ಜಾಗದ್ದು. ಜಯನಗರದ ನಮ್ಮ ಶಾಲೆಯ ಅಂಗಳ ಮಂಗಳಗ್ರಹಕ್ಕೇ ಮುಗಿಯುತ್ತದೆ. ಗುರು, ಶನಿ ಇಬ್ಬರೂ ಗೇಟು ದಾಟಿ ಫುಟ್‌ಪಾತಿನ ಮೇಲೆ ನಿಲ್ಲಬೇಕು.

ಒಂದೊಂದು ಗ್ರಹಕ್ಕೆ ಒಬ್ಬೊಬ್ಬರು ಎಂದೆ. ಶನಿಯಾಗಲು ಯಾರೂ ಒಪ್ಪಲಿಲ್ಲ. "ಬೇಡ ಮಿಸ್, ನಮ್ಮಮ್ಮ ಬೈತಾರೆ" ಎಂದು ಒಬ್ಬೊಬ್ಬರೇ ಹಿಂದೆ ಸರಿದರು. ಮೇಘನಾ ಮಾತ್ರ ಕೈ ಎತ್ತಿದಳು. "ಕೊಡಿ ಮಿಸ್, ನಮ್ಮನೇಲಿ ನನ್ನನ್ನ ಕರೆಯೋದೇ ಹಂಗೆ" ಅಂದಾಗ ಇಡೀ ತರಗತಿ ನಕ್ಕಿತು.

ಅಂಗಳದಲ್ಲಿ ತೆಂಗಿನಕಾಯಿ ಉರುಳದಿರಲೆಂದು ಮಕ್ಕಳು ಅದನ್ನು ಚೊಂಬಿನ ಮೇಲೆ ಕೂರಿಸಿದರು. ಚೊಂಬಿನ ಮೇಲೆ ಕೂತ ಕಾಯಿಯನ್ನು ಬೋಳಾಗಿ ಬಿಡಲು ನಮ್ಮವರಿಗೆ ಮನಸ್ಸು ಬರುತ್ತದೆಯೇ? ಯಾರೋ ಕುಂಕುಮವನ್ನೂ ಇಟ್ಟರು. ನಾನು ಮುಗುಳ್ನಕ್ಕು ಗ್ರಹಗಳನ್ನು ಹಂಚತೊಡಗಿದೆ.

ಗುರುಗ್ರಹದ ಕೈಗೆ ಗೋಲಿ ಕೊಟ್ಟು ತಲೆ ಎತ್ತಿದರೆ ಶನಿ ಆಗಲೇ ಹೊರಟಾಗಿತ್ತು. ಅದೂ ಹಿಮ್ಮುಖವಾಗಿ. ಗರ್ಭಗುಡಿಯಿಂದ ಹೊರಬರುವವರ ಹಾಗೆ, ಕಣ್ಣನ್ನು ಕುಂಕುಮದ ಸೂರ್ಯನಲ್ಲಿ ನೆಟ್ಟು, ಎರಡೂ ಅಂಗೈಯಲ್ಲಿ ಕಡಲೆಕಾಳು ಹಿಡಿದು ಒಂದೊಂದೇ ಹೆಜ್ಜೆ ಹಿಂದಿಡುತ್ತಿದ್ದಳು. ಅವಳ ಹಿಂದೆ ಫುಟ್‌ಪಾತು ಮುಗಿಯುತ್ತಿತ್ತು. ಅಡ್ಡರಸ್ತೆಯಿಂದ ನೀರಿನ ಟ್ಯಾಂಕರು ತಿರುಗುತ್ತಿತ್ತು. "ಮೇಘನಾ" ಎಂದು ಕೂಗಿದೆ. ವಾಹನಗಳ ಗದ್ದಲದಲ್ಲಿ ಆ ಕೂಗು ನನಗೇ ಕೇಳಿಸಲಿಲ್ಲ. ಆಮೇಲೆ ಬ್ರೇಕಿನ ಸದ್ದು. ಆ ಸದ್ದು ಈಗಲೂ ಪಾತ್ರೆ ತೊಳೆಯುವಾಗ, ಹಾಜರಿ ಕರೆಯುವಾಗ ಕಿವಿಯೊಳಗೆ ಎದ್ದು ಕೂರುತ್ತದೆ.

ನಾನು ಓಡಿ ತಲುಪುವಷ್ಟರಲ್ಲಿ ಆ ಮೂಲೆಯಲ್ಲಿ ಸೊಪ್ಪು ಮಾರುವ ರತ್ನಮ್ಮ ಹುಡುಗಿಯ ರಟ್ಟೆ ಹಿಡಿದು ಎಳೆದು, ದಂಟಿನ ಕಟ್ಟುಗಳ ಮೇಲೆಯೇ ಕೂರಿಸಿಕೊಂಡಿದ್ದರು.

"ಏನ್ ಮೇಡಂ, ಮಕ್ಳನ್ನ ಹಿಂದ್‌ಹಿಂದಕ್ಕೆ ನಡೆಸ್ತೀರಾ? ಇದ್ಯಾವ ಪಾಠ?"

"ಅವಳು... ಶನಿ" ಎಂದೆ. ಆ ಹೊತ್ತಿನಲ್ಲಿ ನನಗೆ ಹೊಳೆದ ಉತ್ತರ ಅದೊಂದೇ.

"ಥೂ, ಬಿಡ್ತು ಅನ್ನಿ! ಬಂಗಾರದಂಥ ಮಗೀಗೆ!"

ಮೇಘನಾ ಅಂಗೈಯ ಕಡಲೆಕಾಳನ್ನು ಇನ್ನೂ ಬಿಡದೆ ಹೇಳಿದಳು. "ಸೂರ್ಯಂಗೆ ಬೆನ್ನು ತೋರಿಸ್ಬಾರ್ದಲ್ವಾ ಮಿಸ್? ದೇವಸ್ಥಾನದಲ್ಲಿ ನಮ್ಮಜ್ಜಿ ಹಂಗೇ ಬರೋದು."

ರತ್ನಮ್ಮ ಹೆಬ್ಬೆರಳು, ಕಿರುಬೆರಳು ಅಗಲಿಸಿ ನನ್ನ ಮುಖದ ಮುಂದೆ ಹಿಡಿದರು. "ಇಷ್ಟೇ ಮೇಡಂ. ಲಾರಿಗೂ ಇವ್ಳಿಗೂ ಇಷ್ಟೇ ಇದ್ದಿದ್ದು."

ಆ ಸಂಜೆ ಮೇಘನಾಳ ತಾಯಿಗೆ ನಡೆದದ್ದೆಲ್ಲ ಹೇಳಿದೆ. ಆಕೆ ಮಗಳ ತಲೆ ಸವರಿದರು, ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿದ್ದೆನೇನೋ. ಅಂದಿನಿಂದ ಸೊಪ್ಪನ್ನು ರತ್ನಮ್ಮನ ಹತ್ತಿರವೇ, ದಿನವೂ ಕೊಳ್ಳುತ್ತೇನೆ. ದಂಟು, ಹರಿವೆ, ಮೆಂತ್ಯ, ಮತ್ತೆ ದಂಟು. "ಇನ್ನು ನಾವು ಅಂಬಾ ಅನ್ನೋದೊಂದೇ ಬಾಕಿ ಕಣೇ" ಎನ್ನುತ್ತಾರೆ ನನ್ನ ಗಂಡ. ಕೃತಜ್ಞತೆಗೆ ಇಷ್ಟು ನಾರಿನಂಶವಿರುತ್ತದೆಂದು ನನಗೂ ಗೊತ್ತಿರಲಿಲ್ಲ.

ಬ್ರೇಕಿನ ಸದ್ದು ಕಿವಿಗೆ ಬಂದಾಗಲೆಲ್ಲ ಒಂದು ಲೆಕ್ಕ ಹಾಕಿಕೊಳ್ಳುತ್ತೇನೆ. ನಮ್ಮ ತೆಂಗಿನಕಾಯಿ ಅಳತೆಯಲ್ಲಿ ಚಂದ್ರನಿರುವುದು ಭೂಮಿಯಿಂದ ಎರಡು ಬೆರಳಗಲ ದೂರದಲ್ಲಿ. ಹಾಗಾದರೆ ರತ್ನಮ್ಮ ತೋರಿಸಿದ ಒಂದು ಗೇಣೆಂದರೆ ಚಂದ್ರನಲ್ಲಿಗೆ ಎರಡು ಸಲ ಹೋಗಿ ಬಂದು, ಮತ್ತೊಮ್ಮೆ ಹೊರಡುವಷ್ಟು ದಾರಿ. ಅಷ್ಟು ದೂರವಿತ್ತಲ್ಲ ಎಂದುಕೊಂಡರೆ ಎದೆಬಡಿತ ನಿಧಾನವಾಗುತ್ತದೆ. ಅಷ್ಟು ದೂರಕ್ಕೆ ಒಬ್ಬರ ಕೈ ಎಟುಕಿತಲ್ಲ ಎಂದುಕೊಂಡರೆ, ನಿದ್ದೆಯೂ ಬರುತ್ತದೆ.